ತಂಗಿಯ ಎಡಗಿವಿ ಮತ್ತು ಅಫಜಲಪುರದ ಸಿನಿಮಾ

ಆ ಸಿನಿಮಾ ನೋಡಬಾರದು ಎಂದು ನಮ್ಮ ಜೇವರ್ಗಿಯ ಪಾಸ್ಟರು ಪ್ರಸಂಗದಲ್ಲಿ ಹೇಳಿದರು. ಮುಂದಿನ ಭಾನುವಾರ ಅದರ ಕೊನೆಯ ದೃಶ್ಯವನ್ನು ಎಷ್ಟು ವಿವರವಾಗಿ ಖಂಡಿಸಿದರೆಂದರೆ, ಮೊಬೈಲಿನಲ್ಲಿ ಪೂರ್ತಿ ನೋಡಿಯೇ ಬಂದಿದ್ದಾರೆಂದು ಸಭೆಗೆಲ್ಲ ಗೊತ್ತಾಯಿತು. ಪೇಪರಿನವರು ಅದನ್ನು ಹೊಗಳಿದ್ದೇ ಹೊಗಳಿದ್ದು, ಪ್ರಶಸ್ತಿಯೂ ಬಂದಿತ್ತು. ಗಂಡನ ಹೊಡೆತಕ್ಕೆ ಸತ್ತ ತಂಗಿಗಾಗಿ ಕ್ರೈಸ್ತ ಅಣ್ಣನೊಬ್ಬ ಆ ಮನೆಯವರನ್ನು ಒಬ್ಬೊಬ್ಬರಾಗಿ ಹುಡುಕಿ ಕೊಲ್ಲುವ ಕಥೆ. ನನಗೆ ಅಷ್ಟು ಸಾಕಾಗಿತ್ತು.

ಏಕೆಂದರೆ ನನಗೂ ಒಬ್ಬಳು ತಂಗಿ ಇದ್ದಾಳೆ. ಅವಳನ್ನು ಆಳಂದಕ್ಕೆ ಕೊಟ್ಟಿದ್ದೆವು. ಗಂಡನಿಗೆ ಭೂಸನೂರಿನ ಕಡೆ ಕಬ್ಬು ಸಾಗಿಸುವ ಟ್ರ್ಯಾಕ್ಟರ್ ಇದೆ, ಭಾನುವಾರ ಸಭೆಯಲ್ಲಿ ಹಾರ್ಮೋನಿಯಂ ಬಾರಿಸುತ್ತಾನೆ. ಅದೇ ಕೈಯಿಂದ ಹೊಡೆದು ಅವಳ ಎಡಗಿವಿಯನ್ನು ಕಿವುಡು ಮಾಡಿದ. ಈಗ ಅವಳು ಜೇವರ್ಗಿಯ ನನ್ನ ಹೊಲಿಗೆ ಅಂಗಡಿಯಲ್ಲಿ ಕೂತು ಜಂಪರಿಗೆ ಹುಕ್ಕು ಹಚ್ಚುತ್ತಾಳೆ. ಅವನಿಂದ ಬಿಡುಗಡೆ ಬೇಕೆಂದು ಕೋರ್ಟಿನಲ್ಲಿ ಕೇಸು ಹಾಕಿದ್ದಾಳೆ.

ಕೇಸು ಬಿಗಿಯಾದ ಮೇಲೆ ಅವನಿಗೆ ದೇವರು ನೆನಪಾದ. ಆಳಂದದ ಸಭೆಯಲ್ಲಿ ಎದ್ದು ನಿಂತು, ನಾನು ಪಾಪಿ ಎಂದು ಸಾಕ್ಷಿ ಹೇಳಿ ಅತ್ತನಂತೆ. ಮರುವಾರವೇ ಅಲ್ಲಿನ ಹಿರಿಯರೊಬ್ಬರು ನನ್ನ ಅಂಗಡಿಗೆ ಬಂದರು.

"ಅಂವ ಮಂದಿ ಮುಂದ ಅತ್ತಾನವ್ವಾ. ಇನ್ನೇನ ಬೇಕು? ಭೋಜನದ ಐತಾರ ಬಂದು ಕೈ ಕುಲುಕ್ರಿ, ಮಾತ ಮುಗೀತದ."

ಆ ಸಭೆಯಲ್ಲಿ ಒಂದು ಪದ್ಧತಿಯಿದೆ. ಕರ್ತನ ಭೋಜನದ ಭಾನುವಾರ ಪಾಸ್ಟರು ರೊಟ್ಟಿ ಮುರಿಯುವ ಮೊದಲು, ಜಗಳವಾಡಿದವರು ಎಲ್ಲರೆದುರು ಕೈ ಕುಲುಕಬೇಕು. ಕುಲುಕಿದರೆ ಜಗಳ ಸತ್ತಂತೆ. ಮತ್ತೆ ಎತ್ತಿದವರ ಮುಖ ಯಾರೂ ನೋಡುವುದಿಲ್ಲ. ನನ್ನ ತಂಗಿ ಕುಲುಕಿದರೆ ಕೇಸು ಬಿಟ್ಟು ಅವನ ಮನೆಗೆ ಹೋಗಬೇಕು. ಕುಲುಕದಿದ್ದರೆ ಹಗೆಯಿಟ್ಟುಕೊಂಡವಳೆಂದು ರೊಟ್ಟಿ ತೆಗೆದುಕೊಳ್ಳದೆ ಬೆಂಚಿನ ಮೇಲೇ ಕೂತಿರಬೇಕು. "ಬರ್ತೇನ್ರಿ" ಎಂದಳು ಅವಳು, ಹುಕ್ಕು ಹಚ್ಚುತ್ತಲೇ. ನನಗೆ ಮೈಯೆಲ್ಲ ಉರಿಯಿತು.

ಆ ಉರಿಯಲ್ಲೇ ಸಿನಿಮಾಕ್ಕೆ ಹೊರಟೆ. ಸಂಡೆ ಸ್ಕೂಲಿನ ಟೀಚರಾದ ನಾನು ಜೇವರ್ಗಿಯಲ್ಲಿ ಯಾರ ಕಣ್ಣಿಗಾದರೂ ಬಿದ್ದರೆ ಕಷ್ಟವೆಂದು, ಬಟ್ಟೆ ತರುವ ನೆಪ ಹೇಳಿ ತಂಗಿಯನ್ನೂ ಕರೆದುಕೊಂಡು ಬಸ್ಸಿನಲ್ಲಿ ಭೀಮಾ ನದಿ ದಾಟಿ ಅಫಜಲಪುರಕ್ಕೆ ಹೋದೆ. ಮಧ್ಯಾಹ್ನದ ಆಟ. ನಾಯಕ ಪ್ರತಿ ಕೊಲೆಗೂ ಮುಂಚೆ ಹಣೆ, ಎದೆ, ಹೆಗಲು ಮುಟ್ಟಿ ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದ. ನಮ್ಮ ಸಭೆಯಲ್ಲಿ ಆ ಪದ್ಧತಿಯೇ ಇಲ್ಲ, ಆದರೆ ಸಿನಿಮಾದವರಿಗೆ ನಾವೆಲ್ಲ ಒಂದೇ. ಕೊಲ್ಲುವುದಕ್ಕೆ ನನ್ನ ದೇವರನ್ನು ಸಾಕ್ಷಿಗೆ ಕರೆದನಲ್ಲ ಎಂದು ಸಿಟ್ಟು ಬಂತು. ಅವನು ಆ ಗಂಡನ ಕೈಯನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆ ಎತ್ತಿದಾಗ ಆ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಒಂದೊಂದು ಬೆರಳಿಗೂ ಚಪ್ಪಾಳೆ ತಟ್ಟಿದೆ. ಹಾರ್ಮೋನಿಯಂ ಬಾರಿಸುವ ಬೆರಳುಗಳೇ ನನಗೆ ಕಾಣುತ್ತಿದ್ದವು. ಬಹಳ ಸುಖವಾಯಿತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ಕಥೆ ಹಿಂದಕ್ಕೆ ಹೋಗಿ, ಗಂಡ ಆ ತಂಗಿಗೆ ಹೊಡೆದ ಏಟನ್ನು ನಿಧಾನಕ್ಕೆ, ಎರಡೆರಡು ಕಡೆಯಿಂದ ತೋರಿಸಿದರು. ನಮ್ಮ ಹಿಂದಿನ ಸಾಲಿನವರು ಅದಕ್ಕೂ ಸೀಟಿ ಹೊಡೆದರು. ಸುತ್ತಿಗೆಗೆ ಸೀಟಿ ಹೊಡೆದವರೇ ಅವರು. ತಂಗಿ ಬಲಗಿವಿಗೆ ಅಂಗೈ ಒತ್ತಿಕೊಂಡು ಕಣ್ಣು ಮುಚ್ಚಿದಳು.

"ನಡಿ ಬೇ ಅಕ್ಕಾ. ಸತ್ತಾಕೀಗಿ ಏನ ಬೇಕಿತ್ತು ಅಂತ ಒಬ್ಬರೂ ಕೇಳಲಿಲ್ಲ."

ಎದ್ದು ಬಂದೆವು. ದಾರಿಯುದ್ದಕ್ಕೂ ನಾನೂ ಕೇಳಲಿಲ್ಲ.

ಭೋಜನದ ಭಾನುವಾರ ಆಳಂದದ ಸಭೆ ತುಂಬಿತ್ತು. ಅವನು ಹಾರ್ಮೋನಿಯಂ ಬಿಟ್ಟೆದ್ದು, ಬಿಳಿ ಅಂಗಿಯಲ್ಲಿ, ಕಣ್ಣು ಒದ್ದೆ ಮಾಡಿಕೊಂಡು ನಡುದಾರಿಯಲ್ಲಿ ನಿಂತು ಕೈ ಚಾಚಿದ. ಐದು ಬೆರಳೂ ನೆಟ್ಟಗಿದ್ದವು. ತಂಗಿ ಎದ್ದಳು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಅವನ ಕಡೆಗೇ ನಡೆದಳು. ಹಿರಿಯರು ಆಗಲೇ ಸ್ತೋತ್ರ, ಸ್ತೋತ್ರ ಎನ್ನತೊಡಗಿದ್ದರು. ಅವಳು ಆ ಕೈಯನ್ನು ದಾಟಿ ಮುಂದೆ ಹೋಗಿ, ರೊಟ್ಟಿಯಿಟ್ಟ ಮೇಜಿನೆದುರು ಮೊಣಕಾಲೂರಿ ಎರಡೂ ಅಂಗೈ ಒಡ್ಡಿದಳು.

ಪಾಸ್ಟರು ಬಗ್ಗಿ ಅವಳ ಬಲಗಿವಿಯ ಹತ್ತಿರ ಕೇಳಿದರು, "ಕೈ ಕುಲುಕಲಿಲ್ಲಲ್ಲವ್ವಾ?"

"ಇದು ಅಂವ ಕೊಡೂ ರೊಟ್ಟಿ ಅಲ್ರಿ" ಎಂದಳು. ಎಲ್ಲರಿಗೂ ಕೇಳಿಸಿತು.

ಅವಳ ಅಂಗೈ ಕೆಳಗಿಳಿಯಲಿಲ್ಲ. ಪಾಸ್ಟರು ಹಿರಿಯರ ಮುಖ ನೋಡಿದರು, ಮೇಜು ನೋಡಿದರು, ಕೊನೆಗೆ ಕೊಟ್ಟರು. ಅವನು ಚಾಚಿದ ಕೈಯನ್ನು ಅಂಗಿಗೆ ಒರೆಸಿಕೊಂಡು ಹೋಗಿ ಹಾರ್ಮೋನಿಯಂ ಹಿಂದೆ ಕೂತ. ಅದರ ಮುಚ್ಚಳ ಅವನ ಬೆರಳುಗಳ ಮೇಲೆ ಬೀಳಲಿ ಎಂದು ನಾನು ಕರ್ತನ ಮೇಜಿನೆದುರೇ ಬೇಡಿಕೊಂಡೆ. ಬೀಳಲಿಲ್ಲ. ನಾನು ಬೆಂಚಿನಿಂದ ಏಳಲೂ ಇಲ್ಲ, ರೊಟ್ಟಿ ತೆಗೆದುಕೊಳ್ಳಲೂ ಇಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ತಂಗಿ ಕಿಟಕಿಗೆ ಒರಗಿ ಹಗುರಾಗಿ ಕೂತಿದ್ದಳು. "ನೀ ಯಾಕ ತಗೊಳ್ಳಲಿಲ್ಲ ಅಕ್ಕಾ?" ಎಂದು ಕೇಳಿದಳು.

"ಅಂವಾ ಇನ್ನಾ ಜೀವಂತ ಅದಾನ" ಎಂದೆ.

ನಾನು ಅವಳ ಎಡಕ್ಕೆ ಕೂತಿದ್ದೆ. ಅವಳಿಗೆ ಕೇಳಿಸಲಿಲ್ಲ. ಏನಂದಿ ಎಂದು ಮುಖ ತಿರುಗಿಸಿ ಬಲಗಿವಿ ಕೊಟ್ಟಳು. ಏನೂ ಇಲ್ಲ ಎನ್ನಬಹುದಿತ್ತು. ಇಡೀ ಬಸ್ಸಿಗೆ ಕೇಳುವಂತೆ ಅದನ್ನೇ ಮತ್ತೊಮ್ಮೆ ಹೇಳಿದೆ.