ಅವ್ವನ ಕಾಗದದ ಬುಟ್ಟಿ

ನೆನೆಹಾಕಿದ ಮೆಂತ್ಯದ ವಾಸನೆ ನನಗೆ ಆಗುವುದಿಲ್ಲ. ಬಳ್ಳಾರಿ ಪಾರ್ವತಿನಗರದ ನಮ್ಮ ಮನೆಯಲ್ಲಿ ದೋಸೆಗೆಂದು ಒಂದು ಚಮಚ ಮೆಂತ್ಯ ನೀರಿಗೆ ಬಿದ್ದರೂ ಸಾಕು, ಬರೆಯುತ್ತಿದ್ದ ಸಾಲು ಅಲ್ಲೇ ನಿಂತು ಮೂವತ್ತು ವರ್ಷದ ಹಿಂದಿನ ಕುರುಗೋಡಿನ ಹಿತ್ತಲು ಕಣ್ಣೆದುರು ಬರುತ್ತದೆ. ನಿಮ್ಮ ಮನೆಯಲ್ಲೂ ಒಂದು ಕಾಲಕ್ಕೆ ಕಾಗದದ ಬುಟ್ಟಿ ಇದ್ದಿರಬಹುದು. ಬೇಸಿಗೆ ಬಂತೆಂದರೆ ಅಪ್ಪನ ತಾಯಿ, ನಮ್ಮಜ್ಜಿ, ವರ್ಷವಿಡೀ ಕೂಡಿಟ್ಟ ಹಳೆಯ ನೋಟುಬುಕ್ಕು, ಲಗ್ನಪತ್ರಿಕೆ, ಕ್ಯಾಲೆಂಡರುಗಳನ್ನು ಹರಿದು ಬಾನಿಯ ನೀರಿಗೆ ಹಾಕುತ್ತಿದ್ದಳು. ನಾಲ್ಕು ದಿನ ನೆನೆದ ಮೇಲೆ ಮೆಂತ್ಯ ಸೇರಿಸಿ ಒರಳಲ್ಲಿ ಕುಟ್ಟಿ, ಬೋರಲು ಹಾಕಿದ ಕೊಡದ ಮೇಲೆ ಮೆತ್ತಿ ಬಿಸಿಲಿಗಿಟ್ಟರೆ ಬುಟ್ಟಿಯಾಗುತ್ತಿತ್ತು. ಮಂಡಕ್ಕಿ ತುಂಬಿಟ್ಟರೂ ಎತ್ತಿದ ಕೈಗೆ ಭಾರ ತಿಳಿಯುತ್ತಿರಲಿಲ್ಲ.

ಅವ್ವ ಕತೆ ಬರೆಯುತ್ತಿದ್ದಳು. ಸಿರುಗುಪ್ಪದ ಕಡೆಯ ಕರೂರಿನಿಂದ ಸೊಸೆಯಾಗಿ ಬಂದಾಗ ಟ್ರಂಕಿನಲ್ಲಿ ಸೀರೆಗಳ ಕೆಳಗೆ, ಕತೆ ಬರೆದ ಎರಡು ನೋಟುಬುಕ್ಕು ಇದ್ದವಂತೆ. ಅಪ್ಪ ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಬಟ್ಟೆ ಅಂಗಡಿಯ ಕೆಲಸಕ್ಕೆ ಹೋಗುತ್ತಿದ್ದ. ಕೇಳಿದರೆ ಗೆರೆಹಾಳೆ, ಶಾಯಿ ತಂದು ಕೊಡುತ್ತಿದ್ದ. "ಬರಿ ಬರಿ, ಯಾರು ಬ್ಯಾಡಂತಾರ? ಹುಡುಗ್ರು ಮಾತ್ರ ಅಳಬಾರದು ನೋಡು" ಎನ್ನುತ್ತಿದ್ದ. ಇಂಥ ಗಂಡ ಸಿಗಲು ಪುಣ್ಯ ಬೇಕೆಂದು ಓಣಿಯವರೆಲ್ಲ ಹೇಳುತ್ತಿದ್ದರು. ಮಧ್ಯಾಹ್ನ ಅಡಿಗೆಮನೆ ತೊಳೆದು, ಎಂಟು ತಿಂಗಳ ತಮ್ಮನನ್ನು ತೊಟ್ಟಿಲಿಗೆ ಹಾಕಿ, ತೊಟ್ಟಿಲ ಹಗ್ಗವನ್ನು ಕಾಲಿನ ಹೆಬ್ಬೆರಳಿಗೆ ಕಟ್ಟಿಕೊಂಡು ಅವ್ವ ಬರೆಯಲು ಕೂರುತ್ತಿದ್ದಳು. ಕಾಲು ತಮ್ಮನನ್ನು ತೂಗುತ್ತಿತ್ತು, ಕೈ ಕತೆ ಬರೆಯುತ್ತಿತ್ತು. ಐದು ವರ್ಷದ ನನಗೆ ಉಳಿದದ್ದು ಅವಳ ಬೆನ್ನು. "ನನಗ ಹೇಳಬೇ ಆ ಕತಿ" ಎಂದು ಜಗ್ಗಿದರೆ "ಇದು ದೊಡ್ಡೋರ ಕತಿ, ಆಮ್ಯಾಲ" ಎನ್ನುತ್ತಿದ್ದಳು. ಆ 'ಆಮ್ಯಾಲ' ಎಂದೂ ಬರಲಿಲ್ಲ.

ಆ ಬೇಸಿಗೆಯಲ್ಲಿ ಒಂದು ವಾರಪತ್ರಿಕೆಯವರು ಅವ್ವನಿಗೆ ಕಾಗದ ಬರೆದಿದ್ದರು, ವಿಶೇಷ ಸಂಚಿಕೆಗೆ ಒಂದು ನೀಳ್ಗತೆ ಕಳಿಸಿ ಎಂದು. ಆ ಕಾಗದವನ್ನು ಅವಳು ದೇವರ ಜಗಲಿಯ ಮೇಲೆ, ವಿಭೂತಿಗಟ್ಟಿಯ ಪಕ್ಕದಲ್ಲಿಟ್ಟಿದ್ದಳು. ಎರಡು ತಿಂಗಳು ಬರೆದಳು. ನಲವತ್ತು ಹಾಳೆ, ಅದೊಂದೇ ಪ್ರತಿ. ಸೋಮವಾರ ಟಪಾಲಿಗೆ ಹಾಕುವುದೆಂದಿತ್ತು. ಅಷ್ಟರಲ್ಲಿ ತಮ್ಮನಿಗೆ ಜ್ವರ ಬಂತು. ಮೂರು ದಿನ ಅವನು ಅವ್ವನ ತೊಡೆಯಿಂದ ಇಳಿಯಲಿಲ್ಲ, ನನ್ನನ್ನು ಯಾರೂ ತಿರುಗಿ ನೋಡಲಿಲ್ಲ. ಭಾನುವಾರ ಮಧ್ಯಾಹ್ನ ಅಜ್ಜಿ ಪಡಸಾಲೆಯಲ್ಲಿ ಗೊರಕೆ ಹೊಡೆಯುತ್ತಿದ್ದಾಗ ನಾನು ಕಪಾಟಿನ ಆ ಹಾಳೆಗಳನ್ನೆಲ್ಲ ಹಿತ್ತಲಿಗೆ ಒಯ್ದು, ಅಜ್ಜಿ ಆಗಲೇ ಕಾಗದ ನೆನೆಹಾಕಿದ್ದ ಬಾನಿಗೆ ಒಂದೊಂದಾಗಿ ಬಿಟ್ಟೆ. ಶಾಯಿ ನೀರಿಗಿಳಿದು ನೀಲಿಯಾಗುವುದನ್ನು ಕುಳಿತು ನೋಡಿದೆ. ಖುಷಿಯಾಗಿತ್ತು, ಸುಳ್ಳೇಕೆ ಹೇಳಲಿ.

ಸಂಜೆ ಅವ್ವ ಹಿತ್ತಲಿಗೆ ಬಂದು ಬಾನಿಗೆ ಕೈ ಹಾಕಿದಳು. ಬಂದದ್ದು ಬಿಳಿಯ ಮುದ್ದೆ. ಅಜ್ಜಿ ಹಣೆ ಚಚ್ಚಿಕೊಂಡಳು: "ಹಳೇ ಹಾಳಿ ಅಂತ ನಾನ ಹಾಕಿರಬೇಕು ಗೌರಿ. ಹಾಳಾದ ಕಣ್ಣು, ಒಂದೂ ಕಾಣಂಗಿಲ್ಲ." ಅವ್ವ ಮರುದಿನ ಸೆರಗು ಬಿಗಿದು ತಾನೇ ಒನಕೆ ಹಿಡಿದು ಕುಟ್ಟಿದಳು, ತಾನೇ ಕೊಡದ ಮೇಲೆ ಮೆತ್ತಿದಳು. ಮತ್ತೆ ಬರೆಯಲಿಲ್ಲ. ಈಗ ನೋಡ್ರಿ ಗೌರಿ ಮಕ್ಕಳನ್ನ ಎಷ್ಟು ಚೆಂದ ನೋಡ್ಕೊಳ್ತಾಳ ಎಂದು ಓಣಿ ಹೊಗಳಿತು. ಸಾಯುವವರೆಗೂ ಅಜ್ಜಿ ಆ ತಪ್ಪು ತನ್ನದೆಂದೇ ನಂಬಿದ್ದಳು. ನಾನು ಬಾಯಿ ಬಿಡಲಿಲ್ಲ.

ನಾನೂ ಕತೆ ಬರೆಯುವವಳಾದೆ. ಮೂರು ಸಂಕಲನ ಬಂದಿವೆ, ಮೂರೂ ಬಾಗಿಲು ಹಾಕಿಕೊಂಡು ಬರೆದವು. ನಾಲ್ಕು ವರ್ಷದ ಮಗಳು ಬಾಗಿಲ ಕೆಳಗಿನ ಸಂದಿಯಲ್ಲಿ ಬೆರಳು ತೂರಿಸಿ "ಮುಗೀತೇನಮ್ಮ?" ಎನ್ನುತ್ತಾಳೆ. ಬಂದೆ ಎನ್ನುತ್ತೇನೆ, ಹೋಗುವುದಿಲ್ಲ. ಮಕ್ಕಳು, ಬರವಣಿಗೆ ಎರಡನ್ನೂ ಹೇಗೆ ಸಂಭಾಳಿಸ್ತೀರಿ ಎಂದು ಸಭೆಗಳಲ್ಲಿ ಕೇಳಿದರೆ ಮೈ ಉರಿಯುತ್ತದೆ. ಸಂಭಾಳಿಸುತ್ತಿಲ್ಲ ಎನ್ನಲು ಧೈರ್ಯ ಸಾಲದೆ ನಗುತ್ತೇನೆ.

ಹೋದ ವರ್ಷ ಅವ್ವ ನಮ್ಮ ಮನೆಯಲ್ಲೇ ಹಾಸಿಗೆ ಹಿಡಿದಾಗ, ಇನ್ನು ತಡೆಯಲಾರದೆ ಹೇಳಿಬಿಟ್ಟೆ: "ಅವ್ವಾ, ಆ ಹಾಳಿ ಬಾನಿಗೆ ಹಾಕಿದಾಕಿ ನಾನ."

"ನಾ ನೋಡೀನಲ್ಲ" ಎಂದಳು. "ಕಿಟಕ್ಯಾಗಿಂದ ಕಾಣಿಸ್ತಿತ್ತು. ಒಂದೊಂದ ಬಿಡಾಕತ್ತಿದ್ದಿ."

"ಮತ್ಯಾಕ ಕೂಗ್ಲಿಲ್ಲಬೇ?"

"ಮೂರು ದಿನದಿಂದ ಮಲಗಲಾರದ ಕೂಸು ಅವಾಗಷ್ಟ ತೊಡಿ ಮ್ಯಾಲ ಕಣ್ಣು ಮುಚ್ಚಿತ್ತು. ಕೂಗಿದ್ರ ಏಳ್ತಿತ್ತು."

ಬೈದಿದ್ದರೆ, ಹೊಡೆದಿದ್ದರೆ ನನ್ನ ಪಾಲಿಗೆ ಎಷ್ಟೋ ಸುಲಭವಾಗುತ್ತಿತ್ತು. ಆ ತಮ್ಮ ಈಗ ಸಿರುಗುಪ್ಪದಲ್ಲಿ ಗೊಬ್ಬರದ ಅಂಗಡಿ ಇಟ್ಟುಕೊಂಡು ಸುಖವಾಗಿದ್ದಾನೆ. ಇವತ್ತಿಗೂ ಒಂದು ಕತೆ ಓದಿದವನಲ್ಲ. ಆ ದಿನದ ನಿದ್ದೆ ಅವನಿಗೆ ಹೇಗೆ ನೆನಪಿರಬೇಕು?

ಕೊನೆಗೆ, ಆ ಕತೆಯಲ್ಲಿ ಏನಿತ್ತು ಎಂದು ಕೇಳಿದೆ. ಅದನ್ನಾದರೂ ನಾನು ಬರೆದುಕೊಳ್ಳಬೇಕೆಂದು ಪೆನ್ನು ಹಿಡಿದೇ ಕುಳಿತಿದ್ದೆ. ಅವ್ವ ತಿರುಗುವ ಫ್ಯಾನಿನ ಕಡೆ ಕಣ್ಣು ಹೊರಳಿಸಿದಳು.

"ಒಬ್ಬಾಕಿ ಹೆಣ್ಣುಮಗಳು ಇದ್ಲು" ಎಂದಳು. ಆಮೇಲೆ, "ಮುಂದ ಮರ್ತೀನಿ, ಯವ್ವಾ."