ಎರಡು ಕಡೆ ಇರುವ ಊರು

ಆ ದಿನಗಳಲ್ಲಿ ನಮ್ಮ ಅಡುಗೆಮನೆಯ ಮೇಜಿನ ಮೇಲೆ ಒಂದು ಜಿಲ್ಲೆ ಇತ್ತು. ಮನೆ ಇದ್ದದ್ದು ಇಂಗ್ಲೆಂಡಿನ ಸ್ಟಾಕ್‌ಪೋರ್ಟಿನಲ್ಲಿ, ಜಿಲ್ಲೆ ಇದ್ದದ್ದು ಆಫ್ರಿಕಾದ ಜಾಂಬಿಯಾ ದೇಶದ ಪಶ್ಚಿಮದ ಅಂಚಿನಲ್ಲಿ. ಅಲ್ಲಿಗೆ ನಾನು ಈವರೆಗೂ ಹೋಗಿಲ್ಲ. ಆದರೂ ಬಾಲ್ಯ ಎಂದ ಕೂಡಲೇ ನನ್ನ ಅಂಗಾಲಿಗೆ ತಾಗುವುದು ಅಲ್ಲಿನ ಬಿಸಿ ಮರಳು. ಮೂಗಿಗೆ ಬರುವುದು ನೆನೆದ ದೋಣಿಯ ವಾಸನೆ. ನಿಮಗೂ ಅಂಥದೊಂದು ಊರು ಇರಬಹುದು. ಯಾರೋ ಹೇಳಿ ಹೇಳಿ, ನೀವು ಕೇಳಿ ಕೇಳಿ, ಕೊನೆಗೆ ಹೋಗಿ ಬಂದ ಹಾಗೆಯೇ ಆಗಿಬಿಟ್ಟದ್ದು.

ನೆನಪನ್ನು ನಾನು ಹೆಚ್ಚು ನಂಬುವುದಿಲ್ಲ. ನೆಂಟರು ಬರುತ್ತಾರೆಂದು ತಿಳಿದ ಮನೆಯ ಹಾಗೆ ಅದು ಎಲ್ಲವನ್ನೂ ಗಡಿಬಿಡಿಯಲ್ಲಿ ಒಪ್ಪವಾಗಿಸಿ ಇಟ್ಟಿರುತ್ತದೆ. ಆ ಬೇಸಗೆ ರಜೆಯಿಡೀ ಸ್ಟಾಕ್‌ಪೋರ್ಟಿನಲ್ಲಿ ಮಳೆಯೇ ಬರಲಿಲ್ಲ ಎಂದು ನನ್ನ ನೆನಪು ಹೇಳುತ್ತದೆ. ಸ್ಟಾಕ್‌ಪೋರ್ಟಿನಲ್ಲಿ ಇದ್ದವರು ಯಾರಾದರೂ ಇದನ್ನು ಓದಿದರೆ ನಗುತ್ತಾರೆ, ಅಲ್ಲಿ ಬೇಸಗೆಯಲ್ಲೂ ಮಳೆ ಬಿಡುವುದಿಲ್ಲ. ಆ ಜಿಲ್ಲೆಯ ಒಣಗಾಲ ನಮ್ಮ ಕಿಟಕಿಯೊಳಗೆ ಬಂದು ಕೂತಿದ್ದಿರಬೇಕು, ಅಷ್ಟೆ.

ನನಗಾಗ ಒಂಬತ್ತೋ ಹತ್ತೋ. ಅಮ್ಮ ಆಸ್ಪತ್ರೆಯಲ್ಲಿ ನರ್ಸ್, ಅಪ್ಪ ದಿನವೂ ರೈಲಿನಲ್ಲಿ ಮ್ಯಾಂಚೆಸ್ಟರಿಗೆ ಹೋಗಿಬರುವವರು. ಮನೆಸಾಲದ ಕಂತಿಗೆ ಆಗುತ್ತದೆಂದು ಮಹಡಿಯ ಸಣ್ಣ ಕೋಣೆಯನ್ನು ಬಾಡಿಗೆಗೆ ಕೊಟ್ಟಿದ್ದರು. ಅಲ್ಲಿ ಇದ್ದವಳು ನಾಸಿಲೆಲೆ, ಅಮ್ಮನ ಜೊತೆಗೇ ಕೆಲಸ ಮಾಡುವ ನರ್ಸ್. ಅಮ್ಮನಿಗೆ ಬೆಳಗಿನ ಪಾಳಿ ಇದ್ದ ದಿನ ನನಗೆ ತಲೆ ಬಾಚುತ್ತಿದ್ದವಳು ಅವಳೇ. ಮೆಟ್ಟಿಲಿನ ಮೇಲೆ ಅವಳು, ಕೆಳಗಿನ ಮೆಟ್ಟಿಲಿನಲ್ಲಿ ನಾನು. ಅವಳ ಬೆರಳುಗಳು ನನ್ನ ತಲೆಯ ಮೇಲೆ ಸಣ್ಣ ಸಣ್ಣ ಜಡೆ ಹೆಣೆಯುತ್ತಾ ಹೋದ ಹಾಗೆ ನನಗೆ ನಿದ್ದೆ ಬರುತ್ತಿತ್ತು. ತೆಂಗಿನೆಣ್ಣೆಯಲ್ಲ, ಬೇರೆ ಯಾವುದೋ ಎಣ್ಣೆಯ ವಾಸನೆ.

ಆ ಬೇಸಗೆಯಲ್ಲಿ ಅಜ್ಜಿ ಬಂದರು, ಅಪ್ಪನ ಅಮ್ಮ. ಉಡುಪಿಯ ಹತ್ತಿರ ಹೊಳೆ ಸಮುದ್ರಕ್ಕೆ ಸೇರುವ ಕಡೆಯವರು. ಒಂದು ಅವಧಿಗೆ ಗ್ರಾಮ ಪಂಚಾಯತಿ ಸದಸ್ಯೆಯಾಗಿದ್ದರು. ಹೊಳೆಯ ನಡುವಿನ ಕುದ್ರುವಿನಲ್ಲಿ, ಆ ನಡುಗಡ್ಡೆಯಲ್ಲಿ, ಇದ್ದ ಮನೆಗಳ ಮಕ್ಕಳು ಮಳೆಗಾಲದಲ್ಲಿ ಶಾಲೆ ತಪ್ಪಿಸುತ್ತಿದ್ದುದನ್ನು ಕಂಡು, ಜಗಳವಾಡಿ ಅಲ್ಲಿಗೊಂದು ಕಾಲುಸಂಕ, ನಡೆದು ದಾಟುವ ಮರದ ಕಿರುಸೇತುವೆ, ಹಾಕಿಸಿದ್ದರು. ಅದರ ಮೇಲೆ ಮೊದಲು ದಾಟಿದವರೂ ಅವರೇ. ಆ ಸಂಕದ ಮೇಲೆ ಅವರು ನಿಜವಾಗಿ ಎಷ್ಟು ಸಲ ದಾಟಿದ್ದರೋ, ನಮ್ಮ ಮನೆಯಲ್ಲಿ ಮಾತ್ರ ದಿನಾ ದಾಟುತ್ತಿದ್ದರು.

ಬಂದ ವಾರವೇ ಅಜ್ಜಿ ಒಣಮೀನು ಹುರಿದರು.

"ಅಮ್ಮಾ, ಕಿಟಕಿ ತೆಗಿ. ನೈಬರ್ಸ್ ಕೌನ್ಸಿಲಿಗೆ ಕಂಪ್ಲೇಂಟ್ ಕೊಡ್ತಾರೆ," ಎಂದು ಅಪ್ಪ ಕಂಗಾಲಾದರು.

"ಕೊಡ್ಲಿ ಬಿಡು. ಕೌನ್ಸಿಲಿನವ್ರು ಬಂದ್ರೆ ಅವ್ರಿಗೂ ಎರಡು ತುಂಡು ಹಾಕುವ. ನಾನು ಪಂಚಾಯತಿಯಲ್ಲಿ ಇದ್ದವಳಲ್ವಾ, ನಂಗೆ ಗೊತ್ತುಂಟು ಅವ್ರನ್ನು ಹೇಗೆ ಕಳಿಸುದು ಅಂತ."

ಕೌನ್ಸಿಲಿನವರು ಬರಲಿಲ್ಲ. ಮಹಡಿಯಿಂದ ನಾಸಿಲೆಲೆ ಇಳಿದು ಬಂದಳು. ಅಡುಗೆಮನೆಯ ಬಾಗಿಲಲ್ಲಿ ನಿಂತು, ಮೊಣಕಾಲು ಬಗ್ಗಿಸಿ, ಅಂಗೈಗಳನ್ನು ಸದ್ದಾಗದ ಹಾಗೆ ತಟ್ಟತೊಡಗಿದಳು. ಅವಳ ಕಡೆ ಹಿರಿಯರಿಗೆ ನಮಸ್ಕಾರ ಮಾಡುವುದು ಹಾಗೆ.

"ಇವಳೆಂತ, ಭಜನೆಗೆ ಬಂದದ್ದಾ?" ಎಂದರು ಅಜ್ಜಿ. ನಾನು ವಿವರಿಸಿದ ಮೇಲೆ ಬಾಣಲೆ ಇಳಿಸಿ, ಸೆರಗಿಗೆ ಕೈ ಒರೆಸಿಕೊಂಡು ತಾವೂ ತಟ್ಟಿದರು.

ಆ ದಿನ ನಾಸಿಲೆಲೆ ಮೆಕ್ಕೆಜೋಳದ ಬಿಳಿ ಹಿಟ್ಟಿನಲ್ಲಿ ಬುಹೊಬೆ ಎಂಬ ಗಟ್ಟಿ ಮುದ್ದೆ ಮಾಡಿದಳು. ಒಣಮೀನಿನ ಜೊತೆ ಇಬ್ಬರೂ ಕೈಯಲ್ಲಿ ಮುರಿದು ತಿಂದರು. ತನ್ನ ಅಮ್ಮನ ಮನೆಯ ವಾಸನೆ ಇದೇ ಎಂದಳು ಅವಳು. ಅವಳದು ಇಂಗ್ಲಿಷ್, ಅಜ್ಜಿಯದು ಕನ್ನಡ, ನಡುವೆ ನಾನು. ಅಲ್ಲಿಯವರೆಗೆ ಮನೆಯಲ್ಲಿ ಯಾರು ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುತ್ತಿದ್ದವಳು ನಾನು. ಅಜ್ಜಿಗಾಗಿ ಬಾಯಿ ತಿರುಗಿಸಲೇಬೇಕಾಯಿತು. ಅದರಿಂದಾದ ಒಂದು ವಿಚಿತ್ರವೆಂದರೆ, ನನ್ನ ನೆನಪಿನಲ್ಲಿ ನಾಸಿಲೆಲೆ ಈಗಲೂ ಅಜ್ಜಿಯ ಕನ್ನಡವನ್ನೇ ಆಡುತ್ತಾಳೆ. ಹಾಗೆಯೇ ಬರೆಯುತ್ತೇನೆ. ಸರಿಪಡಿಸಿದರೆ ಅವಳ ದನಿಯೇ ಹೋಗಿಬಿಡುತ್ತದೆ.

ಬೇರೆ ಅಜ್ಜಿಯಂದಿರಾದರೆ ಮದುವೆ ಆಗಿದೆಯಾ, ಮಕ್ಕಳೆಷ್ಟು ಎಂದು ಕೇಳುತ್ತಿದ್ದರು.

"ಕೇಳು ಪುಟ್ಟಿ, ಅವ್ಳ ಊರಲ್ಲಿ ಪಂಚಾಯತಿ ಉಂಟಾ?" ಎಂದರು ನಮ್ಮ ಅಜ್ಜಿ.

ನಾಸಿಲೆಲೆ ಉಳಿದ ಹಿಟ್ಟನ್ನು ಮೇಜಿನ ಮೇಲೆ ಸುರಿದು ಅಂಗೈಯಲ್ಲಿ ಸವರಿದಳು. ಬೆರಳಿನಿಂದ ನಡುವೆ ಒಂದು ನದಿ ಎಳೆದಳು. ಎರಡು ಬದಿಗೂ ಮರವಿಲ್ಲದ ಬಯಲು. ಪೂರ್ವಕ್ಕೆ, ಮೇಜಿನ ಅಂಚಿನಲ್ಲಿ, ಎತ್ತರದ ಮರಳುನೆಲ ಮತ್ತು ಕಾಡು. ಅದಕ್ಕೆ ಕೊತ್ತಂಬರಿ ಸೊಪ್ಪು ಉದುರಿಸಿದಳು. ಇನ್ನೊಂದು ಮೂಲೆಯಲ್ಲಿ ಉಪ್ಪಿನ ಡಬ್ಬಿ ಇಟ್ಟು, ಇದು ಬೋಮಾ ಎಂದಳು. ಸರಕಾರಿ ಕಚೇರಿಗಳಿರುವ ಊರಿಗೆ ಅಲ್ಲಿ ಬೋಮಾ ಎನ್ನುತ್ತಾರೆ. ದೊಡ್ಡ ಜಿಲ್ಲೆಯನ್ನು ಒಡೆದು ಹೊಸ ಜಿಲ್ಲೆ ಮಾಡಿದ್ದಾರಂತೆ. ಡಿಸ್ಟ್ರಿಕ್ಟ್ ಕಮಿಷನರ್ ಬಂದಾಗಿದೆ, ಅವನ ಕಚೇರಿಗೆ ಚಾವಣಿ ಬರುವುದು ಬಾಕಿ. ಪ್ರತಿ ವಾರ್ಡಿಗೂ ಒಬ್ಬ ಕೌನ್ಸಿಲರ್ ಇದ್ದಾನೆ. ಅವನಲ್ಲದೆ ಇಂಡುನಾ ಎಂಬ ಹಿರಿಯ, ಅರಸರ ಕಾಲದಿಂದ ಬಂದ ಸ್ಥಾನ.

"ಓಟು ಒಬ್ಬನಿಗೆ, ಮಾತು ನಡೆಯುದು ಇನ್ನೊಬ್ಬಂದು," ಎಂದು ಅಜ್ಜಿ ಥಟ್ಟನೆ ಹಿಡಿದರು. "ನಮ್ಮಲ್ಲಿ ಗುತ್ತಿನ ಮನೆ ಯಜಮಾನ್ರು ಇದ್ದ ಹಾಗೆ. ಹೂಂ, ಮುಂದೆ ಹೇಳ್ಲಿ."

ನಾಸಿಲೆಲೆ ಬಯಲಿನ ನಡುವೆ ಸಾಸಿವೆ ಇಟ್ಟಳು. ಅವಳ ಊರು. ನೀರು ಏರುವ ತಿಂಗಳುಗಳಲ್ಲಿ ಬಯಲಿಡೀ ಮುಳುಗುತ್ತದೆ. ಅವಳು ಸಾಸಿವೆಯನ್ನು ಬೆರಳಿನಿಂದ ಮೆಲ್ಲಗೆ ದೂಡುತ್ತಾ ಕೊತ್ತಂಬರಿ ಸೊಪ್ಪಿನ ಅಂಚಿಗೆ ತಂದಳು. ನೀರು ಇಳಿದ ಮೇಲೆ ಮತ್ತೆ ವಾಪಸ್. ಈಗ ಕೌನ್ಸಿಲು ಊರಿಗೊಂದು ಸಣ್ಣ ಆಸ್ಪತ್ರೆ ಕೊಡುತ್ತೇನೆ ಎಂದಿದೆ, ಒಂದೇ. ಬಯಲಿನಲ್ಲಿ ಕಟ್ಟಬೇಕೋ ಕಾಡಿನಂಚಿನಲ್ಲೋ ಎಂದು ಊರಿನಲ್ಲಿ ಜಗಳ. ತೀರ್ಮಾನವಾಗದಿದ್ದರೆ ಅದು ಬೇರೆ ವಾರ್ಡಿನ ಪಾಲಾಗುತ್ತದೆ.

"ಹೋದ ಸಲ ನೀರು ಏರಿದಾಗ ನನ್ನ ತಂಗಿ ಹೆರಿಗೆಗೆ ಬೋಮಾಕ್ಕೆ ಅಂತ ದೋಣಿ ಹತ್ತಿದ್ದು," ಎಂದಳು ನಾಸಿಲೆಲೆ. "ಮುಟ್ಲಿಲ್ಲ."

ಮುಟ್ಟಲಿಲ್ಲ ಎಂದರೇನೆಂದು ನನಗೆ ತಿಳಿಯಲಿಲ್ಲ. ಅದನ್ನು ಅಜ್ಜಿಗೆ ಕನ್ನಡದಲ್ಲಿ ಹೇಳಿ ಮುಗಿಸಿದ ಮೇಲೆ ಅವರ ಮುಖ ನೋಡಿ ತಿಳಿಯಿತು.

ಅಂದಿನಿಂದ ಹಿಟ್ಟನ್ನು ಯಾರೂ ಒರೆಸಲಿಲ್ಲ. ನಾವು ಊಟಕ್ಕೆ ಸೋಫಾದ ಮೇಲೆ ಕೂರುತ್ತಿದ್ದೆವು. ಮಧ್ಯಾಹ್ನವೆಲ್ಲ ನಾನು ಆ ಜಿಲ್ಲೆಯನ್ನು ಆಳಿದೆ. ಹಿಟ್ಟಿನಲ್ಲಿ ಗೆರೆ ಎಳೆದು ವಾರ್ಡುಗಳನ್ನು ಮಾಡಿದೆ, ಇಷ್ಟವಾಗದಿದ್ದರೆ ಊದಿ ಅಳಿಸಿದೆ. ಕಿಟಕಿಯಾಚೆ ರೈಲು ಹೋದಾಗ ಬಯಲು ಸಣ್ಣಗೆ ನಡುಗುತ್ತಿತ್ತು. ನಾಸಿಲೆಲೆ ಕೆಲಸದಿಂದ ಬಂದವಳು ನನ್ನ ಕಿವಿಯ ಹತ್ತಿರ ಬಾಗಿ, ಇಲ್ಲಿ ಬಾತುಗಳು, ಇಲ್ಲಿ ದನ ಕಟ್ಟುವುದು, ಇಲ್ಲಿ ನಾನು ಈಜು ಕಲಿತದ್ದು ಎಂದು ತೋರಿಸುತ್ತಿದ್ದಳು. ಅವಳು ತೋರಿಸಿದ ಕಡೆ ನಾನು ಬೆರಳಿಟ್ಟರೆ ಹಿಟ್ಟು ಬೆಚ್ಚಗಿರುತ್ತಿತ್ತು.

ಆಸ್ಪತ್ರೆಯ ಜಾಗ ತೀರ್ಮಾನಿಸಲು ಅಲ್ಲಿ ಊರಿನ ಸಭೆ ಕರೆದಿದ್ದರು, ಅದಕ್ಕೆ ಅಜ್ಜಿಯದು ಬೇರೆಯೇ ತಯಾರಿ. "ಮೀಟಿಂಗಿನಲ್ಲಿ ಮೊದ್ಲೇ ಬಾಯಿ ಬಿಡ್ಬಾರ್ದು ಹೇಳು ಅವಳಿಗೆ. ಚಾ ಬರುವವರೆಗೆ ಸುಮ್ಮನಿರ್ಬೇಕು. ಚಾ ಕೈಗೆ ಬಂತಾ, ಆಗ ಕೇಳ್ಬೇಕು. ಕಪ್ಪು ಹಿಡ್ಕೊಂಡವ ಇಲ್ಲ ಅನ್ನುದು ಕಮ್ಮಿ." ಮರುಕ್ಷಣವೇ, "ಆಸ್ಪತ್ರೆ ಎಲ್ಲಾದ್ರೂ ಇರ್ಲಿ. ಮೊದ್ಲು ಅಲ್ಲಿಗೊಂದು ಸಂಕ ಆಗ್ಬೇಕು. ನೀರು ಬಂತು ಅಂತ ಪಾಪ, ಮನೆಮಠ ಬಿಟ್ಟು ಓಡುದಾ? ನಮ್ಮ ಕುದ್ರುವಿನವ್ರು ಓಡಿದ್ರಾ?"

ನಾಸಿಲೆಲೆ ಅಂಗೈ ತಟ್ಟಿ ತಲೆಬಾಗಿದಳು. ಅಜ್ಜಿ ಅದನ್ನು ಒಪ್ಪಿಗೆ ಎಂದುಕೊಂಡರು. ಹಿರಿಯರು ಹೇಳಿದ್ದಕ್ಕೆ ಎದುರಾಡುವ ಪದ್ಧತಿ ಅವಳ ಕಡೆ ಇಲ್ಲ ಎಂಬುದು ನಮಗೆ ಹೇಗೆ ಗೊತ್ತಾಗಬೇಕು?

ಒಂದು ಶನಿವಾರ ಬೆಳಿಗ್ಗೆ ಅಲ್ಲಿ ಆ ಸಭೆ. ಬಯಲಿನ ದಿಬ್ಬದ ಮೇಲೆ, ಮರದ ಕೆಳಗೆ. ನಾಸಿಲೆಲೆಯ ಅಣ್ಣ ಅಲ್ಲಿ ತನ್ನ ಫೋನು ಹಿಡಿದಿದ್ದ. ಇಲ್ಲಿ ಅವಳ ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿದ್ದೆವು. ಕೋಳಿ ಕೂಗಿದ್ದು, ಯಾರೋ ಕೆಮ್ಮಿದ್ದು, ಗಾಳಿ. ನಾಸಿಲೆಲೆ ಅಡುಗೆಮನೆಯ ನೆಲದ ಮೇಲೆ ಮಂಡಿಯೂರಿ ಫೋನಿಗೆ ಕೈ ತಟ್ಟಿದಳು. ತಾನಿರುವ ಮನೆಯ ಹಿರಿಯರು, ಹಿಂದೆ ಕೌನ್ಸಿಲಿನಲ್ಲಿದ್ದವರು, ಮಾತಾಡುತ್ತಾರೆ ಎಂದಳು. ಅಜ್ಜಿ ಜರಿಯ ಸೀರೆ ಉಟ್ಟಿದ್ದರು.

ಅವರು ಚಾ ಬರುವವರೆಗೆ ಕಾಯಲಿಲ್ಲ. ಸಂಕದ ವಿಷಯ ಎತ್ತಿದರು. ಮರದ ಕಂಬ, ಹಲಗೆ, ಹಿಡಿದುಕೊಳ್ಳಲು ಹಗ್ಗ, ಎಲ್ಲ. ನಾನು ಇಂಗ್ಲಿಷಿಗೆ ತಿರುಗಿಸಿದೆ. ನಾಸಿಲೆಲೆ ಕಣ್ಣು ಕೆಳಗೆ ಹಾಕಿ ತನ್ನ ಭಾಷೆಗೆ ತಿರುಗಿಸಿದಳು.

ಅಲ್ಲಿಂದ ಕೇಳಿಸಿದ್ದು ನಗು. ಒಬ್ಬರಿಂದ ಶುರುವಾಗಿ ಮರದ ಕೆಳಗಿನವರೆಲ್ಲ ನಕ್ಕರು. ಫೋನು ಮೇಜಿನ ಮೇಲೆ ನಡುಗಿತು.

"ಎಂತಕ್ಕೆ ನಗುದು?" ಎಂದರು ಅಜ್ಜಿ. ಅವರ ಕುತ್ತಿಗೆ ಕೆಂಪಾಗಿತ್ತು.

ಇಂಡುನಾ ಮಾತಾಡಿದ. ಮುದಿ ದನಿ, ಅವಸರವಿಲ್ಲದ್ದು. ಅಮ್ಮಾ, ನೀರು ಬಂದರೆ ಆಚೆ ದಡ ಕಾಣುವುದಿಲ್ಲ, ಸಂಕದ ಇನ್ನೊಂದು ತುದಿಯನ್ನು ಎಲ್ಲಿ ಇಡೋಣ? ಮತ್ತೆ, ನಾವು ಓಡಿಹೋಗುವವರಲ್ಲ. ಹೊರಡುವವರು. ಡೋಲು ಬಾರಿಸಿಕೊಂಡು, ಕೋಳಿ, ಮಡಕೆ, ಮುದುಕಿಯರನ್ನು ದೋಣಿಯಲ್ಲಿ ಕೂರಿಸಿಕೊಂಡು. ಆ ದಿನಕ್ಕೆ ಮಕ್ಕಳು ವರ್ಷವಿಡೀ ಕಾಯುತ್ತಾರೆ.

ಅಜ್ಜಿ ಬೆರಳಿನಿಂದ ಒಂದು ಸಾಸಿವೆ ಕಾಳನ್ನು ಕಾಡಿನಂಚಿಗೆ ತಂದರು. ಮತ್ತೆ ಬಯಲಿಗೆ ಒಯ್ದರು. ಅಪ್ಪ ಬಾಗಿಲ ಹತ್ತಿರ ನಿಂತು, ಸಾಕು ಬಿಡಮ್ಮ ಎಂದು ಸನ್ನೆ ಮಾಡಿದರು.

"ಊರೇ ಎದ್ದು ಹೋಗುದಾದ್ರೆ," ಎಂದರು ಅಜ್ಜಿ ಯಾರಿಗೂ ಹೇಳದ ಹಾಗೆ, "ಆಸ್ಪತ್ರೆ ಮಾತ್ರ ಎಂತಕ್ಕೆ ಕೂತ್ಕೊಂಡಿರ್ಬೇಕು? ಅದೂ ದೋಣಿ ಹತ್ಲಿ."

ನಾನು ಹೇಳಿದೆ. ನಾಸಿಲೆಲೆ ನನ್ನನ್ನೇ ನೋಡಿದಳು, ಆಮೇಲೆ ಹೇಳಿದಳು. ಈ ಸಲ ಯಾರೂ ನಗಲಿಲ್ಲ. ಕೌನ್ಸಿಲರ್ ಮಾತಾಡಿದ. ಹುಲ್ಲಿನ ಮಾಡು, ಕಂಬ, ಔಷಧಿಯ ಪೆಟ್ಟಿಗೆ, ದೋಣಿ, ಇದೆಲ್ಲ ಬೋಮಾದಲ್ಲಿ ಕೇಳಿ ತರಬಹುದು. ಜಗಳವೂ ಮುಗಿಯುತ್ತದೆ. ಆದರೆ ಊರಿನ ಹಿಂದೆ ಅತ್ತಿತ್ತ ಅಲೆಯುವ ನರ್ಸ್ ಎಲ್ಲಿ ಸಿಗುತ್ತಾಳೆ? ಬಂದವರೆಲ್ಲ ಸಿಮೆಂಟಿನ ಮನೆ ಕೇಳುತ್ತಾರೆ.

ಆಗ ಅಲ್ಲಿ ಒಬ್ಬ ಹೆಂಗಸು ಏನೋ ಹೇಳಿದಳು. ಚಿಕ್ಕ ಮಾತು. ಅದನ್ನು ನಾಸಿಲೆಲೆ ತಿರುಗಿಸಲಿಲ್ಲ. ಕೈ ತಟ್ಟುತ್ತಾ ಕೂತಳು.

"ಎಂತ ಹೇಳಿದ್ದು ಆ ಹೆಂಗಸು?"

"ಐ ಡೋಂಟ್ ನೋ ಅಜ್ಜಿ. ಶಿ ಈಸ್ ನಾಟ್ ಟೆಲ್ಲಿಂಗ್." ಗಡಿಬಿಡಿಯಲ್ಲಿ ನನ್ನ ಬಾಯಿಗೆ ಇಂಗ್ಲಿಷೇ ಬಂತು.

ಸಂಜೆ ಪಾತ್ರೆ ತೊಳೆಯುವಾಗ ನಾಸಿಲೆಲೆ ಅಮ್ಮನಿಗೆ ಹೇಳಿದಳು. ಮಾತಾಡಿದ್ದು ಅವಳ ತಾಯಿ. ಕೇಳಿದ್ದಿಷ್ಟು: ನನ್ನ ಮಗಳು ನರ್ಸ್ ಅಲ್ಲವಾ?

"ಸ್ವಲ್ಪ ತಡಿ," ಎಂದರು ಅಮ್ಮ. "ನಿನ್ನ ವೀಸಾ ಪರ್ಮನೆಂಟ್ ಆಗ್ಲಿ. ಈಗ ಬಿಟ್ಟು ಹೋದ್ರೆ ಮತ್ತೆ ಬರ್ಲಿಕ್ಕೆ ಆಗ್ತದಾ?"

ಅಜ್ಜಿಗೆ ಸಿಟ್ಟೇ ಬಂದಿತ್ತು. "ನಾನು ಆಸ್ಪತ್ರೆ ಹೋಗ್ಲಿ ಅಂದದ್ದು. ನೀನು ಹೋಗು ಅಂತ ಯಾರು ಹೇಳಿದ್ದು ಮಾರಾಯ್ತಿ?"

"ಆಸ್ಪತ್ರೆ ಅಂದ್ರೆ ಹುಲ್ಲಿನ ಮಾಡಾ ಅಜ್ಜಿ?" ಎಂದಳು ನಾಸಿಲೆಲೆ, ನಾನು ತಿರುಗಿಸಿದ ಕನ್ನಡದಲ್ಲಿ. "ಒಳಗೆ ಒಬ್ಬಳು ಇರ್ಬೇಕಲ್ಲ."

ಮರುದಿನ ಮೆಟ್ಟಿಲ ಮೇಲೆ ನಾನು ಅವಳಿಗೆ ಹೋಗಬೇಡ ಎಂದೆ. ಅವಳ ಬೆರಳುಗಳು ನಿಲ್ಲಲಿಲ್ಲ. ಒಂದು ಜಡೆ ಮುಗಿಯಿತು, ಇನ್ನೊಂದು ಶುರುವಾಯಿತು. "ನೀನು ಹೋಗು ಅಂದ್ರೆ ನಂಗೆ ಹೋಗ್ಲಿಕ್ಕೆ ಸುಲಭ," ಎಂದಳು. ನಾನು ಹೇಳಿದೆನೋ ಇಲ್ಲವೋ. ಹೇಳಿದೆ ಎಂದು ನೆನಪು ತೋರಿಸುತ್ತದೆ. ಚಂದ ಕಾಣಲಿ ಎಂದು ಅದೇ ಸೇರಿಸಿದ್ದೂ ಇರಬಹುದು. ಅವಳು ಹೊರಟ ದಿನವೂ ಹಾಗೆಯೇ. ಒಮ್ಮೆ ಬಿಸಿಲಿನಲ್ಲಿ, ಒಮ್ಮೆ ಒದ್ದೆ ಎಲೆಗಳ ಮೇಲೆ ಸೂಟ್‌ಕೇಸ್ ಎಳೆಯುತ್ತಾ ಹೋಗುತ್ತಾಳೆ. ಎರಡರಲ್ಲೂ ತಿರುಗಿ ನೋಡುವುದಿಲ್ಲ. ಅದಕ್ಕೆ ಮುಂಚೆಯೇ ಅಜ್ಜಿ ಊರಿಗೆ ಹೋಗಿದ್ದರು, ಮೇಜನ್ನು ಅಮ್ಮ ಒರೆಸಿದ್ದರು.

ಮೊದಮೊದಲು ಫೋನು ಬರುತ್ತಿತ್ತು. ನೀರು ಏರಿದಾಗ ಒಂದು: "ಮೇಲೆ ಬಂದೆವು." ಇಳಿದಾಗ ಒಂದು: "ಕೆಳಗೆ ಬಂದೆವು." ಹಿಂದಿನಿಂದ ಎಳೆಗೂಸು ಅಳುವುದು ಕೇಳಿಸುತ್ತಿತ್ತು, ಪ್ರತಿ ಸಲ ಬೇರೆ ಕೂಸು. ಅಮ್ಮ ಅದನ್ನು ಅಜ್ಜಿಗೆ ಫೋನು ಮಾಡಿ ಹೇಳುತ್ತಿದ್ದರು, ಅಜ್ಜಿ ತಮ್ಮೂರಿನಲ್ಲಿ ಸಿಕ್ಕಿದವರಿಗೆಲ್ಲ. ಆ ಎರಡು ಕರೆಗಳ ನಡುವೆ ನಮ್ಮ ವರ್ಷ ಎರಡು ಭಾಗವಾಗುತ್ತಿತ್ತು. ಅಮ್ಮ ಉಣ್ಣೆಬಟ್ಟೆಗಳನ್ನು ತೆಗೆದಿಡುವುದಕ್ಕೂ ಅದೇ ಲೆಕ್ಕ.

ಆಮೇಲೆ ಅಜ್ಜಿ ತೀರಿಕೊಂಡರು. ಅಪ್ಪ ಅಮ್ಮ ಸೊಲಿಹಲ್‌ಗೆ ಮನೆ ಬದಲಿಸಿದರು, ಅಲ್ಲಿ ಕೋಣೆ ಬಾಡಿಗೆಗೆ ಕೊಡುವ ಅಗತ್ಯ ಬರಲಿಲ್ಲ. ಯಾವಾಗಲೋ ನಾಸಿಲೆಲೆಯ ನಂಬರು ಸತ್ತುಹೋಯಿತು. ಯಾವ ಸಲದ ಕರೆ ಕೊನೆಯದು ಎಂದು ನಮಗೆ ಯಾರಿಗೂ ಗೊತ್ತಿಲ್ಲ, ಕೊನೆಯದೆಂದು ತಿಳಿಯದೆ ಕೇಳಿದ್ದರಿಂದ.

ನಾನೀಗ ಲೀಡ್ಸಿನಲ್ಲಿ ಇದ್ದೇನೆ. ಕೌನ್ಸಿಲ್ ಎಂದರೆ ನನಗೆ ತಿಂಗಳು ತಿಂಗಳು ಕಟ್ಟುವ ಕೌನ್ಸಿಲ್ ಟ್ಯಾಕ್ಸ್, ಅಷ್ಟೆ. ನನ್ನ ವಾರ್ಡಿನ ಕೌನ್ಸಿಲರ್ ಯಾರೆಂದು ತಿಳಿಯದು, ಮೇಲಿನ ಫ್ಲಾಟಿನವರ ಊರು ಯಾವುದೆಂದು ಕೇಳಿಲ್ಲ. ಒಂದು ಅಡುಗೆಮನೆಯಲ್ಲಿ ಕೂತು ಕಾಣದ ಊರೊಂದರ ವಿಷಯದಲ್ಲಿ ಕುತ್ತಿಗೆ ಕೆಂಪಾಗುವಷ್ಟು ತಲೆಹಾಕುವ ಅಧಿಕಾರ ನಮಗಿದೆ ಎಂದು ಆಗ ಅನಿಸಿತ್ತು, ಅದು ಎಲ್ಲಿ ಹೋಯಿತೋ. ಇಲ್ಲಿ ಎಲೆ ಉದುರುತ್ತದೆ, ಚಿಗುರುತ್ತದೆ, ವರ್ಷಕ್ಕೆರಡು ಸಲ ಗಡಿಯಾರವನ್ನು ಒಂದು ಗಂಟೆ ಹಿಂದೆ ಮುಂದೆ ಮಾಡುತ್ತಾರೆ. ಆದರೆ ಅವಳು ಮೇಲೆ ಇದ್ದಾಳೋ ಕೆಳಗೆ ಇದ್ದಾಳೋ ಎಂದು ಹೇಳುವವರಿಲ್ಲದೆ, ಈಗ ಯಾವ ಕಾಲ ಎಂಬುದೇ ನನಗೆ ಸರಿಯಾಗಿ ಗೊತ್ತಾಗುವುದಿಲ್ಲ.