ಮೂಸೆ ಒಣಗಿಸುತ್ತಿದ್ದವಳು

ಗ್ರಾಫೈಟು ಅಂದರೆ ಪೆನ್ಸಿಲ್ಲಿನೊಳಗಿನ ಕಡ್ಡಿ ಎಂದು ಶಾಲೆ ಮಕ್ಕಳು ಹೇಳುತ್ತಾರೆ. ಹಟ ಹಿಡಿದ ಬೀಗಕ್ಕೆ ಅದರ ಪುಡಿ ಹಾಕಿದರೆ ಕೀಲಿ ಸಲೀಸಾಗಿ ತಿರುಗುತ್ತದೆ. ಶಿರಾದ ಮೆಹರುನ್ನಿಸಾಳ ಮಟ್ಟಿಗೆ ಅದು ಗಂಡ ಅಸ್ಗರ್ ಹಿತ್ತಾಳೆ ಕರಗಿಸುವ ಮೂಸೆ. ಹಿತ್ತಾಳೆ ನೀರಾಗುವ ಬೆಂಕಿಗೂ ಜಗ್ಗದ ಕರಿ ಕುಡಿಕೆ. ದನದ ಗಂಟೆ ಹುಟ್ಟುವುದು ಅದರಿಂದ, ಮನೆ ನಡೆಯುವುದೂ ಅದರಿಂದ.

ಮೂಸೆಯನ್ನು ಹೆಂಗಸರು ಮುಟ್ಟಕೂಡದು ಎಂಬುದು ಆ ಮನೆಯ ಗಂಡಸರ ಕಟ್ಟಪ್ಪಣೆ. ಆದರೆ ಮದುವೆಯಾಗಿ ಬಂದ ವಾರದಲ್ಲೇ ಅತ್ತೆ ಗುಟ್ಟಾಗಿ ಬೇರೆಯದನ್ನೇ ಹೇಳಿಕೊಟ್ಟಿದ್ದಳು: ಮೂಸೆ ತೇವ ಕುಡಿಯುತ್ತದೆ, ಒದ್ದೆ ಮೂಸೆ ಕುಲುಮೆಯಲ್ಲಿ ಸೀಳಿಹೋಗುತ್ತದೆ, ಗಂಡಸರು ಮಲಗಿದಾಗ ಒಲೆಯ ಬಿಸಿಗಿಟ್ಟು ಏಳುವ ಮೊದಲು ವಾಪಸ್ ಇಟ್ಟುಬಿಡು. ಅತ್ತೆ ತೀರಿಕೊಂಡ ಮೇಲೂ ಮೆಹರುನ್ನಿಸಾ ಹಾಗೇ ಮಾಡಿಕೊಂಡು ಬಂದಳು. ಮೂಸೆ ಸೀಳಿಹೋಗದಿರುವುದು ತನ್ನ ಕೈಗುಣ ಎಂದು ಅಸ್ಗರ್ ಬೀಗುತ್ತಿದ್ದ. ಅವಳಿಗೆ ಸಿಟ್ಟು ಬರುತ್ತಿತ್ತು, ಆದರೂ ಅವನು ಮಲಗಿದೊಡನೆ ಮೂಸೆಯನ್ನು ಒಲೆಯ ಬಳಿಗೆ ಒಯ್ಯುತ್ತಿದ್ದಳು.

ಈ ಮಳೆಗಾಲದಲ್ಲಿ ತಾಯಿ ತೀರಿಕೊಂಡರೆಂದು ಅವಳು ತವರೂರು ಮಧುಗಿರಿಗೆ ಹೋದಳು. ಇತ್ತ ಕುಲುಮೆಯ ಶೆಡ್ಡು ಸೋರಿತು. ನೆನೆದ ಮೂಸೆಯನ್ನು ಅಸ್ಗರ್ ಹಾಗೇ ಕುಲುಮೆಗಿಟ್ಟ. ಎತ್ತುವಾಗ ಅದು ಸೀಳಿಹೋಗಿ, ಕಾದ ಹಿತ್ತಾಳೆ ಅವನ ಪಾದದ ಮೇಲೆ ಸುರಿಯಿತು.

ಓಡಿಬಂದ ಮೆಹರುನ್ನಿಸಾ ಹಾಸಿಗೆಯ ಪಕ್ಕ ಕೂತು ಅಳುತ್ತ ಎಲ್ಲವನ್ನೂ ಹೇಳಿದಳು. ಮೂಸೆ ಹಿಡಿದು ಹಿಡಿದು ಕಪ್ಪಾದ ಹಳೆ ದುಪಟ್ಟಾವನ್ನೂ ತೋರಿಸಿದಳು. ಇನ್ನಾದರೂ ಒಣಗಿಸಿಕೊಳ್ಳಲಿ, ಇನ್ನೊಂದು ಕಾಲಾದರೂ ಉಳಿಯಲಿ ಎಂಬುದಷ್ಟೇ ಅವಳ ಆಸೆ.

ಅಸ್ಗರ್ ಗೋಡೆ ಕಡೆ ಮುಖ ತಿರುಗಿಸಿದ. "ಇಷ್ಟು ವರ್ಷ ಮುಟ್ತಾ ಇದ್ಯಾ ನೀನು? ಅದಕ್ಕೇ ಸೀಳೋಯ್ತು. ಇನ್ಮೇಲೆ ಶೆಡ್ಡಿನ ಹೊಸಿಲು ದಾಟ್ಬೇಡ."

ಗಾಯ ಮಾಯಿತು, ಹೊಸ ಮೂಸೆ ಬಂತು. ಅಸ್ಗರ್ ಕುಂಟುತ್ತಲೇ ಕೆಲಸಕ್ಕಿಳಿದ. ಮೊದಲ ಎರಕದ ಹಿಂದಿನ ದಿನ ಮಧ್ಯಾಹ್ನ ಅವನು ನಿದ್ದೆ ಹೋದಾಗ ಅವಳು ಇಣುಕಿ ನೋಡಿದಳು. ಮೂಸೆ ಒದ್ದೆ ನೆಲದ ಮೇಲೇ ಕೂತಿತ್ತು. ಹಾಳಾಗಿ ಹೋಗಲಿ ಎಂದು ಒಳಗೆ ಬಂದು ಅನ್ನ ಬಸಿದಳು. ಆಮೇಲೆ ಹೋಗಿ ಅದನ್ನೆತ್ತಿ ತಂದು ಒಲೆಯ ಪಕ್ಕ ಇಟ್ಟಳು. ಗಂಡನ ಮೇಲಿನ ಸಿಟ್ಟು ಒಂದು ಚೂರೂ ಇಳಿದಿರಲಿಲ್ಲ.

ಎತ್ತಿನ ಗಂಟೆ ಒಯ್ಯಲು ಹುಲಿಕುಂಟೆಯ ದೊಡ್ಡರಂಗಪ್ಪ ಬಂದ. ಗಂಟೆ ಅಲ್ಲಾಡಿಸಿ ಕಿವಿಗೊಟ್ಟ. "ನಾದ ಚೆಂದಾಗೈತೆ ಕಣಪ್ಪ. ಹೊಸ ಮೂಸೆ ಹೆಂಗೆ, ತಡ್ಕಂತಾ?"

"ಈಗ ಹೆಂಗಸ್ರು ಮುಟ್ಟಲ್ಲ ನೋಡಿ, ಗಟ್ಟಿಯಾಗಿದೆ," ಎಂದ ಅಸ್ಗರ್.

ಒಳಗೆ ಮೆಹರುನ್ನಿಸಾ ಸೋಪು ಹಚ್ಚಿ ಕೈ ತಿಕ್ಕುತ್ತಿದ್ದಳು. ಉಗುರು ಸಂದಿಯ ಕಪ್ಪು ಹೋಗಲಿಲ್ಲ. ಆ ಕೈಯಲ್ಲೇ ಇಬ್ಬರಿಗೂ ಟೀ ತಂದಿಟ್ಟಳು.